ಎಚ್-ಇಂಡೆಕ್ಸ್ ನೋಡಿ ಎಂಬಿಎ ಕಾಲೇಜು ಆರಿಸಬಹುದೇ?

ಪ್ರಶ್ನೆ: ಮಗಳಿಗೆ ಎರಡು ಕಡೆ ಎಂಬಿಎ ಸೀಟು ಸಿಗುವ ಹಾಗಿದೆ. ಒಂದು ಕಾಲೇಜಿನ ಪುಸ್ತಿಕೆಯಲ್ಲಿ ಸ್ಕೋಪಸ್ ಪ್ರಬಂಧ ಇಷ್ಟು, ಎಚ್-ಇಂಡೆಕ್ಸ್ ಇಷ್ಟು ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಇನ್ನೊಂದರಲ್ಲಿ ಆ ಸುದ್ದಿಯೇ ಇಲ್ಲ. ನಾವು ಅಡಿಕೆ ತೋಟದವರು, ಇದೆಲ್ಲ ತಿಳಿಯುವುದಿಲ್ಲ. ಈ ಅಂಕಿ ನಂಬಿ ಸೇರಿಸಬಹುದೇ?
(ಶಿರಸಿ ತಾಲೂಕಿನ ಓದುಗರು)

ಉತ್ತರ: ಅಂಕಿ ನೋಡಿ, ಆದರೆ ಅದೊಂದನ್ನೇ ನಂಬಿ ಸೇರಿಸಬೇಡಿ. ಯಾಕೆ ಎಂದು ತಿಳಿಯಲು ತೋಟದವರಿಗೆ ಕಷ್ಟವೇನಿಲ್ಲ. ಇಪ್ಪತ್ತು ಕ್ವಿಂಟಲ್ ಅಡಿಕೆ ತಂದಿದ್ದೇನೆ ಎಂದು ಯಾರಾದರೂ ಹೇಳಿದರೆ ನೀವು ಮೊದಲು ಕೇಳುವುದು ಅಡಿಕೆ ಯಾವ ಜಾತಿಯದು, ರಾಶಿಯೋ, ಚಾಲಿಯೋ, ಬಿಳೆಗೋಟೋ ಎಂದು. ತೂಕ ಒಂದೇ ಇದ್ದರೂ ಟೆಂಡರಿನಲ್ಲಿ ಬರುವ ದರ ಬೇರೆ. ಸಂಶೋಧನಾ ಪ್ರಬಂಧವೂ ಹಾಗೇ.

ಸ್ಕೋಪಸ್ ಎಂಬುದು ಎಲ್ಸೆವಿಯರ್ ಪ್ರಕಾಶನ ಸಂಸ್ಥೆ 2004ರಲ್ಲಿ ಆರಂಭಿಸಿದ ದೊಡ್ಡ ಮಾಹಿತಿಕೋಶ. ಯಾವ ಪತ್ರಿಕೆಯಲ್ಲಿ ಯಾರ ಪ್ರಬಂಧ ಬಂತು, ಅದನ್ನು ಮುಂದೆ ಯಾರು ಉಲ್ಲೇಖಿಸಿದರು ಎಂಬ ಲೆಕ್ಕ ಅಲ್ಲಿರುತ್ತದೆ. ಅದರೊಳಗೆ ಜಗತ್ತಿನ ಅತ್ಯುತ್ತಮ ಪತ್ರಿಕೆಗಳೂ ಇವೆ, ತೀರಾ ಸಾಧಾರಣ ಪತ್ರಿಕೆಗಳೂ ಇವೆ. ಗುಣಮಟ್ಟ ಕುಸಿದವನ್ನು ಸ್ಕೋಪಸ್ ಆಗಾಗ ಕೈಬಿಡುವುದೂ ಉಂಟು. ಹಾಗಾಗಿ ‘ಸ್ಕೋಪಸ್ ಪ್ರಬಂಧ’ ಎಂದಷ್ಟೇ ಹೇಳಿದರೆ ತೂಕ ಹೇಳಿದಂತಾಯಿತು, ಜಾತಿ ಹೇಳಿದಂತಾಗಲಿಲ್ಲ. ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಜಾತಿ ತಿಳಿಯಲು ಆಸ್ಟ್ರೇಲಿಯಾದ ಬಿಸಿನೆಸ್ ಡೀನ್‌ಗಳ ಮಂಡಳಿ ಮಾಡಿದ ಎಬಿಡಿಸಿ ಪಟ್ಟಿಯನ್ನು ನಮ್ಮ ದೇಶದ ಎಷ್ಟೋ ಸಂಸ್ಥೆಗಳು ಬಳಸುತ್ತವೆ. ಅದರಲ್ಲಿ ಪತ್ರಿಕೆಗಳಿಗೆ ಎ-ಸ್ಟಾರ್, ಎ, ಬಿ, ಸಿ ಎಂದು ನಾಲ್ಕು ದರ್ಜೆ. ‘ನಿಮ್ಮ ಪ್ರಬಂಧಗಳಲ್ಲಿ ಎ-ಸ್ಟಾರ್ ಮತ್ತು ಎ ದರ್ಜೆಯವು ಎಷ್ಟು’ ಎಂದು ಆ ಕಾಲೇಜನ್ನು ಕೇಳಿ. ನೇರ ಉತ್ತರ ಬಂದರೆ ಒಳ್ಳೆಯ ಲಕ್ಷಣ.

ಇನ್ನು ಎಚ್-ಇಂಡೆಕ್ಸ್. ಇದನ್ನು 2005ರಲ್ಲಿ ಸೂಚಿಸಿದವರು ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ. ಒಬ್ಬ ಅಧ್ಯಾಪಕರ ಐದು ಪ್ರಬಂಧಗಳಿವೆ ಎನ್ನಿ. ಬೇರೆಯವರು ಅವುಗಳನ್ನು ಉಲ್ಲೇಖಿಸಿದ್ದು ಕ್ರಮವಾಗಿ 40, 12, 6, 4, 1 ಸಲ. ನಾಲ್ಕು ಪ್ರಬಂಧಗಳಿಗೆ ನಾಲ್ಕು ಅಥವಾ ಹೆಚ್ಚು ಉಲ್ಲೇಖ ಸಿಕ್ಕಿರುವುದರಿಂದ ಅವರ ಎಚ್-ಇಂಡೆಕ್ಸ್ 4. ಆ 40ರ ಜಾಗದಲ್ಲಿ 400 ಇದ್ದರೂ ಅದು ನಾಲ್ಕೇ! ಇಡೀ ಕಾಲೇಜಿನ ಲೆಕ್ಕ ತೆಗೆದಾಗ ಇನ್ನೊಂದು ತೊಡಕು. ಹಳೆಯ ಸಂಸ್ಥೆಗೆ, ಹೆಚ್ಚು ಅಧ್ಯಾಪಕರಿರುವ ಸಂಸ್ಥೆಗೆ ಅಂಕಿ ತಾನಾಗಿ ದೊಡ್ಡದಾಗುತ್ತದೆ. ಎಂಜಿನಿಯರಿಂಗ್, ಮೆಡಿಕಲ್ ಎಲ್ಲ ಸೇರಿದ ವಿಶ್ವವಿದ್ಯಾಲಯದ ಒಟ್ಟು ಅಂಕಿಯನ್ನೇ ಎಂಬಿಎ ಪುಸ್ತಿಕೆಯಲ್ಲಿ ಹಾಕಿದ್ದರೆ ಅದು ನಿಮ್ಮ ಮಗಳ ವಿಭಾಗದ ಮಾತೇ ಅಲ್ಲ. ಇದನ್ನು ಖಂಡಿತ ಕೇಳಿ ತಿಳಿದುಕೊಳ್ಳಿ.

ಉಲ್ಲೇಖವನ್ನು ಬೆಳೆಸಿಕೊಳ್ಳುವ ಅಡ್ಡದಾರಿಗಳೂ ಇವೆ. ತಮ್ಮ ಪ್ರಬಂಧವನ್ನು ತಾವೇ ಉಲ್ಲೇಖಿಸುವುದು, ಪರಿಚಯದವರು ಪರಸ್ಪರ ಉಲ್ಲೇಖಿಸಿಕೊಳ್ಳುವುದು, ಹಣ ಕಟ್ಟಿದರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳಿಗೆ ಕಳಿಸುವುದು. ಒಳ್ಳೆಯ ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ ವಿಮರ್ಶಕರು ತಿದ್ದಿಸಿ, ಮತ್ತೆ ತಿದ್ದಿಸಿ, ಒಂದು ಪ್ರಬಂಧ ಬೆಳಕು ಕಾಣಲು ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯ. ಅದಕ್ಕೇ ಒಬ್ಬರೇ ವರ್ಷಕ್ಕೆ ಇಪ್ಪತ್ತು ಮೂವತ್ತು ಬರೆದಿದ್ದಾರೆಂದರೆ ನನಗೆ ಮೆಚ್ಚುಗೆಗಿಂತ ಮೊದಲು ಅನುಮಾನ ಬರುತ್ತದೆ. ಗೂಗಲ್ ಸ್ಕಾಲರಿನಲ್ಲಿ ಅಧ್ಯಾಪಕರ ಹೆಸರು ಹಾಕಿ ಮಗಳೇ ಅರ್ಧ ಗಂಟೆಯಲ್ಲಿ ನೋಡಬಹುದು, ಖರ್ಚಿಲ್ಲ.

ಪುಸ್ತಿಕೆಗಿಂತ ಹೆಚ್ಚು ತಿಳಿಸುವುದು ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಜಾಲತಾಣ. 2016ರಿಂದ ಅಲ್ಲಿ ದೇಶದ ವಿದ್ಯಾಸಂಸ್ಥೆಗಳ ರ‍್ಯಾಂಕ್ ಪಟ್ಟಿ ಬರುತ್ತಿದೆ. ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಸಂಶೋಧನೆಗೆ ಇರುವ ತೂಕ ನೂರಕ್ಕೆ 30, ಬೋಧನೆ ಮತ್ತು ಸೌಲಭ್ಯಕ್ಕೂ 30. ರ‍್ಯಾಂಕಿಗಿಂತ ಮುಖ್ಯವಾದದ್ದು ಕಾಲೇಜುಗಳೇ ಅಲ್ಲಿ ಸಲ್ಲಿಸುವ ವಿವರ. ಕೆಲಸ ಸಿಕ್ಕವರ ಮಧ್ಯಮ ಸಂಬಳ (ಅರ್ಧ ಜನರಿಗೆ ಅದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ), ಅಧ್ಯಾಪಕರ ವಿದ್ಯಾರ್ಹತೆ, ಕಂಪನಿಗಳಿಗೆ ಸಲಹೆ ಕೊಟ್ಟು ಗಳಿಸಿದ ಹಣ ಎಲ್ಲ ಸಿಗುತ್ತದೆ. ಆ ಕೊನೆಯ ಸಾಲನ್ನು ನಾನು ತಪ್ಪದೆ ಓದುತ್ತೇನೆ. ಹೊರಗಿನವರು ದುಡ್ಡು ಕೊಟ್ಟು ಸಲಹೆ ಕೇಳುತ್ತಾರೆಂದರೆ ಆ ಅಧ್ಯಾಪಕರ ತಿಳಿವಳಿಕೆ ಯಾರಿಗೋ ಉಪಯೋಗಕ್ಕೆ ಬಿದ್ದಿದೆ.

ಸೂಚ್ಯಂಕಕ್ಕೆ ಸಿಗದ ಪ್ರಭಾವವೂ ಇದೆ, ನಮ್ಮ ಜಿಲ್ಲೆಗೆ ಬೇಕಾದದ್ದು ಅದೇ. 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ಟಿಎಸ್‌ಎಸ್ ನೂರು ವರ್ಷ ದಾಟಿದ, ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಸ್ಥೆ. ಶಿರಸಿ ಸುಪಾರಿಗೆ, ಅಂದರೆ ಇಲ್ಲಿನ ಅಡಿಕೆಗೆ, ಈ ಊರಿನದೇ ವಿಶಿಷ್ಟ ಬೆಳೆ ಎಂದು ಗುರುತಿಸುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ 2019ರಲ್ಲಿ ಬಂತು. ಆ ಮಾನ್ಯತೆಯಿಂದ ಬೆಳೆಗಾರನ ಕೈಗೆ ಹೆಚ್ಚು ದರ ಬಂತೇ, ರೈತ ಯಾವಾಗ ಸೊಸೈಟಿಗೆ ಹಾಕುತ್ತಾನೆ, ಯಾವಾಗ ಖಾಸಗಿ ವ್ಯಾಪಾರಿಗೆ ಕೊಡುತ್ತಾನೆ ಎಂದು ಅಚ್ಚುಕಟ್ಟಾಗಿ ಅಧ್ಯಯನ ಮಾಡಿದವರಿಗೆ ಹೊರದೇಶದ ಪತ್ರಿಕೆಗಳಲ್ಲಿ ಹೆಚ್ಚು ಉಲ್ಲೇಖ ಸಿಗಲಿಕ್ಕಿಲ್ಲ. ಆದರೆ ಅದನ್ನು ಓದಿ ಇಲ್ಲಿನ ಒಂದು ಸೊಸೈಟಿ ತನ್ನ ಪದ್ಧತಿ ಬದಲಿಸಿದರೆ ನೂರು ಉಲ್ಲೇಖಕ್ಕಿಂತ ಅದು ದೊಡ್ಡದು ಎಂದು ನಾನು ನಂಬುತ್ತೇನೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳನ್ನು ಶೋಧಗಂಗಾ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಎರಡೂ ಕಾಲೇಜಿನ ಅಧ್ಯಾಪಕರ ಹೆಸರು ಅಲ್ಲಿ ಹುಡುಕಿ, ಯಾವ ವಿಷಯದ ಮೇಲೆ ಕೆಲಸ ಮಾಡಿದ್ದಾರೆ ನೋಡಿ.

ಕೊನೆಗೆ, ಮಗಳನ್ನು ಕರೆದುಕೊಂಡು ಎರಡೂ ಕಡೆ ಹೋಗಿ ಬನ್ನಿ. ಪುಸ್ತಿಕೆಯಲ್ಲಿ ಹೆಸರಿರುವ ಸಂಶೋಧಕರು ಮೊದಲ ವರ್ಷದ ತರಗತಿಗೆ ಯಾವ ವಿಷಯ ಪಾಠ ಮಾಡುತ್ತಾರೆ ಎಂದು ಕಚೇರಿಯವರನ್ನಲ್ಲ, ಅಲ್ಲಿ ಓದುತ್ತಿರುವ ಹುಡುಗ ಹುಡುಗಿಯರನ್ನು ಕೇಳಿ.