ಬೋರ್ಡ್ ಮೇಲಿನ ನಂಬರ್ ಒರೆಸಿ ಬರೆಯೋ ಲೆಕ್ಕಗಳು: ಎಲ್ಲಿಂದ ಬಂದ್ವು, ಯಾಕಿಷ್ಟು ಜಗಳ

ಬೋರ್ಡ್ ಮೇಲೆ 1ರಿಂದ 10ರವರೆಗೆ ಬರೆದಿದೆ ಅಂದ್ಕೊಳ್ಳಿ. ಯಾವುದಾದ್ರೂ ಎರಡು ನಂಬರ್ ಒರೆಸಿ, ದೊಡ್ಡದರಲ್ಲಿ ಚಿಕ್ಕದನ್ನ ಕಳೆದು ಬಂದಿದ್ದನ್ನ ಬರೀರಿ. ಹತ್ತಿದ್ದದ್ದು ಒಂಬತ್ತಾಯ್ತು. ಹೀಗೇ ಮಾಡ್ತಾ ಹೋದ್ರೆ ಕೊನೆಗೆ ಒಂದೇ ನಂಬರ್ ಉಳಿಯುತ್ತೆ. ಅದು ಸೊನ್ನೆ ಆಗಬಹುದಾ? ಆಗಲ್ಲ, ಯಾವ ಜೋಡಿ ಆರಿಸ್ಕೊಂಡ್ರೂ ಆಗಲ್ಲ. ಯಾಕಂದ್ರೆ ಎರಡು ಸಂಖ್ಯೆಗಳ ಮೊತ್ತ ಬೆಸ ಆಗಿದ್ರೆ ವ್ಯತ್ಯಾಸಾನೂ ಬೆಸ, ಮೊತ್ತ ಸಮ ಆಗಿದ್ರೆ ವ್ಯತ್ಯಾಸಾನೂ ಸಮ. ಹಾಗಾಗಿ ಬೋರ್ಡಿನ ಒಟ್ಟು ಮೊತ್ತ ಸಮವೋ ಬೆಸವೋ ಅನ್ನೋದು ಶುರುವಿಂದ ಕೊನೇವರೆಗೂ ಬದಲಾಗೋದೇ ಇಲ್ಲ. ಶುರುವಲ್ಲಿ 55, ಬೆಸ. ಕೊನೆಗೆ ಉಳಿಯೋದೂ ಬೆಸವೇ.

ಈ ಜಾತಿಯ ಲೆಕ್ಕಗಳು ಈಗ ಪ್ರಪಂಚದ ಬಹಳಷ್ಟು ಗಣಿತ ಸ್ಪರ್ಧೆಗಳಲ್ಲಿ ಇವೆ, ಜೊತೆಗೆ ಜಗಳಾನೂ ಇದೆ. ಇವೆಲ್ಲ ಬರೀ ಟ್ರಿಕ್ಕು ಅಂತ ಕೆಲವರು, ಇದೇ ನಿಜವಾದ ಗಣಿತ ಅಂತ ಇನ್ನು ಕೆಲವರು, ಕೋಚಿಂಗ್ ತಗೊಂಡವರಿಗೆ ಮಾತ್ರ ಬರುತ್ತೆ ಅಂತ ಮತ್ತೊಂದಷ್ಟು ಜನ. ಮೂವರ ಮಾತಲ್ಲೂ ಸ್ವಲ್ಪ ಸತ್ಯ ಇದೆ. ಆದ್ರೆ ಯಾರು ಯಾವ ಕಾಲದ ಲೆಕ್ಕದ ಬಗ್ಗೆ ಮಾತಾಡ್ತಿದ್ದಾರೆ ಅಂತ ಗೊತ್ತಾಗದಷ್ಟು ಎಲ್ಲಾ ಕಲಸಿಹೋಗಿದೆ.

ಹಳೇದನ್ನ ಬೇಗ ಮುಗಿಸೋಣ. ದೊಡ್ಡದರಲ್ಲಿ ಚಿಕ್ಕದನ್ನ ಕಳೀತಾ ಹೋಗಿ ಮ.ಸಾ.ಅ. (ಎರಡನ್ನೂ ಶೇಷ ಇಲ್ಲದೆ ಭಾಗಿಸೋ ಅತಿ ದೊಡ್ಡ ಸಂಖ್ಯೆ) ಕಂಡುಹಿಡಿಯೋ ಯೂಕ್ಲಿಡ್ ವಿಧಾನಕ್ಕೆ ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ವಯಸ್ಸು, 1880ರಲ್ಲಿ ಅಮೆರಿಕ, ಯುರೋಪನ್ನ ಹುಚ್ಚು ಹಿಡಿಸಿದ, ನಂಬರ್ ಬರೆದ 15 ಚೌಕಗಳನ್ನ ಜರುಗಿಸಿ ಜೋಡಿಸೋ ಆಟದಲ್ಲಿ 14 ಮತ್ತು 15ನ್ನ ಮಾತ್ರ ಅದಲುಬದಲು ಮಾಡೋಕೆ ಸಾಧ್ಯವೇ ಇಲ್ಲ ಅಂತ 1879ರಲ್ಲೇ ಸಾಬೀತಾಗಿತ್ತು, 1894ರಲ್ಲಿ ಹಂಗೇರಿ, 1934ರಲ್ಲಿ ಲೆನಿನ್‌ಗ್ರಾಡ್, 1935ರಲ್ಲಿ ಮಾಸ್ಕೋ ಗಣಿತ ಸ್ಪರ್ಧೆಗಳು ಶುರುವಾದ್ವು, 1959ರಲ್ಲಿ ರೊಮೇನಿಯಾದಲ್ಲಿ ಮೊದಲ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್.

ಇದರ ಮಧ್ಯೆ 1937ರಲ್ಲಿ ಇಟಲಿಯಲ್ಲಿ ಒಂದು ಆಟ ಅಚ್ಚಾಯ್ತು, ಗಣಿತಜ್ಞ ಎನ್ರಿಕೊ ಡುಚ್ಚಿ ಹೆಸರಲ್ಲಿ ಈಗಲೂ ಓಡ್ತಿದೆ. ನಾಲ್ಕು ಪೂರ್ಣಾಂಕಗಳನ್ನ ವೃತ್ತದಲ್ಲಿ ಬರೀರಿ, ಅಕ್ಕಪಕ್ಕದವುಗಳ ವ್ಯತ್ಯಾಸ ತಗೊಂಡು ಹೊಸ ನಾಲ್ಕು ಮಾಡಿ, ಹೀಗೇ ಮುಂದುವರಿಸಿ. ಏನೇ ತಗೊಂಡು ಶುರು ಮಾಡಿದ್ರೂ ಕೊನೆಗೆ ನಾಲ್ಕೂ ಸೊನ್ನೆ. ಮೂರು ನಂಬರ್ ತಗೊಂಡ್ರೆ ಹಾಗಾಗಲ್ಲ. 0, 0, 1 ಇಟ್ಟು ನೋಡಿ, 0, 1, 1 ಬಂದು ಆಮೇಲೆ ಸುತ್ತು ಹೊಡೀತಾನೇ ಇರುತ್ತೆ. ನಂಬರ್‌ಗಳ ಎಣಿಕೆ 2, 4, 8, 16 ಹೀಗೆ ಎರಡರ ಘಾತ ಆಗಿದ್ರೆ ಮಾತ್ರ ಯಾವಾಗ್ಲೂ ಸೊನ್ನೆ.

ಸೋವಿಯತ್ ಗಣಿತ ಕೂಟಗಳಲ್ಲಿ ಈ ಲೆಕ್ಕಗಳಿಗೆ ಒಂದು ರೂಪ ಬಂತು. ಶಾಲೆ ಮುಗಿದ ಮೇಲೆ ಮಕ್ಕಳು ಸೇರೋರು, ದೊಡ್ಡ ಸೂತ್ರ ಯಾವುದೂ ಬೇಡ, ಕೂಡೋದು ಕಳೆಯೋದು ಬಂದ್ರೆ ಸಾಕು. ಉದಾಹರಣೆಗೆ ಬೋರ್ಡ್ ಮೇಲೆ 36, 60. ಇಬ್ಬರು ಆಡ್ತಾರೆ. ಬೋರ್ಡಲ್ಲಿರೋ ಯಾವುದಾದ್ರೂ ಎರಡರ ವ್ಯತ್ಯಾಸ ಬರೀಬೇಕು, ಅದು ಮೊದಲೇ ಬೋರ್ಡಲ್ಲಿ ಇರಬಾರದು. ಬರೆಯೋಕೆ ಏನೂ ಸಿಗದವರು ಸೋತ್ರು. ನೋಡೋಕೆ ಆಟ, ನಿಜದಲ್ಲಿ ಆಟವೇ ಅಲ್ಲ. 36, 60ರ ಮ.ಸಾ.ಅ. 12, ಹಾಗಾಗಿ ಹೇಗೆ ಆಡಿದ್ರೂ ಕೊನೆಗೆ ಬೋರ್ಡಲ್ಲಿ 12, 24, 36, 48, 60 ಇದ್ದೇ ಇರುತ್ತೆ, ಬೇರೆ ಯಾವುದೂ ಇರಲ್ಲ. ಹೊಸದಾಗಿ ಬರೆಯೋದು ಮೂರೇ ನಂಬರ್, ಮೊದಲು ಶುರು ಮಾಡಿದವರೇ ಗೆಲ್ಲೋದು. ತಲೆ ಕೆಡಿಸಿಕೊಂಡು ಆಡಿದವರೂ ಕಣ್ಣು ಮುಚ್ಚಿ ಆಡಿದವರೂ ಒಂದೇ.

ಇನ್ನೊಂದು ಹಳೇ ಲೆಕ್ಕ ನನಗೆ ತುಂಬಾ ಇಷ್ಟ. ಬೋರ್ಡ್ ಮೇಲೆ 1, 1/2, 1/3 ಹೀಗೆ 1/100ರವರೆಗೆ. ಎ, ಬಿ ಅನ್ನೋ ಎರಡನ್ನ ಒರೆಸಿ ಎ + ಬಿ + ಎಬಿ ಬರೀಬೇಕು. ಕೊನೆಗೆ ಏನು ಉಳಿಯುತ್ತೆ? ಭಿನ್ನರಾಶಿಗಳನ್ನ ಕೂಡೋಕೆ ಹೋದ್ರೆ ಕಥೆ ಮುಗೀತು. ಪ್ರತಿಯೊಂದಕ್ಕೂ ಮನಸ್ಸಲ್ಲೇ 1 ಸೇರಿಸಿ ನೋಡಿ, ಎ + ಬಿ + ಎಬಿಗೆ 1 ಸೇರಿಸಿದ್ರೆ (1+ಎ)(1+ಬಿ), ಅಂದ್ರೆ ಒಂದು ಸೇರಿಸಿದ ನಂಬರ್‌ಗಳ ಗುಣಲಬ್ಧ ಬದಲಾಗಲ್ಲ, ಅದು 2 × 3/2 × 4/3 ... × 101/100, ಒಂದರ ಹಿಂದೆ ಒಂದು ಹೊಡೆದು ಹೋಗಿ 101 ಉಳಿಯುತ್ತೆ, 1 ಕಳೆದ್ರೆ ಉತ್ತರ 100.

ಇಲ್ಲಿವರೆಗಿನದ್ದನ್ನ ಟ್ರಿಕ್ಕು ಅಂತ ಕರೆದ್ರೆ ನಾನು ಜಗಳಕ್ಕೆ ಬರಲ್ಲ. ಆದ್ರೆ 1986 ಆದ್ಮೇಲೆ ಹಾಗೆ ಹೇಳೋದು ಕಷ್ಟ.

ಆ ವರ್ಷ ಒಲಿಂಪಿಯಾಡ್ ವಾರ್ಸಾದಲ್ಲಿ. ಮೂರನೇ ಪ್ರಶ್ನೆ ಆಗಿನ ಪೂರ್ವ ಜರ್ಮನಿ ಕಳಿಸಿದ್ದು. ಪಂಚಭುಜದ ಐದು ಮೂಲೆಗಳಲ್ಲಿ ಐದು ಪೂರ್ಣಾಂಕ, ಒಟ್ಟು ಮೊತ್ತ ಧನ. ಯಾವುದಾದ್ರೂ ಮೂಲೇಲಿ ಋಣ ಸಂಖ್ಯೆ ಇದ್ರೆ ಅದರ ಚಿಹ್ನೆ ತಿರುಗಿಸಿ, ಮತ್ತೆ ಆ ಹಳೇ ಋಣ ಸಂಖ್ಯೆಯನ್ನ ಅಕ್ಕಪಕ್ಕದ ಎರಡಕ್ಕೂ ಸೇರಿಸಿ. ಋಣ ಇರೋವರೆಗೂ ಮಾಡ್ತಾನೇ ಇರಿ. ಇದು ಯಾವಾಗ್ಲೂ ನಿಲ್ಲುತ್ತಾ?

ಕೈಯಲ್ಲಿ ಮಾಡಿ ನೋಡಿದ್ರೆ ನಂಬಿಕೆ ಬರಲ್ಲ. 3, -2, 1, 0, -1 ತಗೊಳ್ಳಿ. -2ನ್ನ ತಿರುಗಿಸಿದ್ರೆ 1, 2, -1, 0, -1. ಒಂದು ಋಣ ಹೋಯ್ತು, ಇನ್ನೊಂದು ಹುಟ್ಟಿತು. ಮುಂದೆ 1, 1, 1, -1, -1. ಆಮೇಲೆ 1, 1, 0, 1, -2, ಅಂದ್ರೆ -2 ಮತ್ತೆ ಹಾಜರ್! ಹೀಗೆ ಹಿಂದೆ ಮುಂದೆ ಹೋಗ್ತಾ ಒಟ್ಟು ಎಂಟು ಹೆಜ್ಜೆಗೆ 0, 1, 0, 0, 0 ಬಂದು ನಿಲ್ಲುತ್ತೆ. ಮೊತ್ತ 1 ಮಾತ್ರ ಎಲ್ಲೂ ಬದಲಾಗಲ್ಲ, ಆದ್ರೆ ಅದೊಂದೇ ಗೊತ್ತಿದ್ದು ಉಪಯೋಗ ಇಲ್ಲ. ನಿಲ್ಲುತ್ತೆ ಅಂತ ತೋರಿಸೋಕೆ ಬದಲಾಗದ್ದು ಸಾಲಲ್ಲ, ಪ್ರತಿ ಹೆಜ್ಜೆಗೂ ಕಮ್ಮಿ ಆಗ್ತಾನೇ ಹೋಗೋದು ಏನಾದ್ರೂ ಬೇಕು.

ಸಿಕ್ಕಿದ ಒಂದು ಉತ್ತರ ಹೀಗಿದೆ. ಒಂದು ಬಿಟ್ಟು ಒಂದು ಮೂಲೆಯ ವ್ಯತ್ಯಾಸಗಳನ್ನ ವರ್ಗ ಮಾಡಿ ಐದನ್ನೂ ಕೂಡಿ. ಮೇಲಿನ ಉದಾಹರಣೆಯಲ್ಲಿ ಅದು 22, 18, 16, 14, 10, 8, 6, 4, 2 ಅಂತ ಇಳಿಯುತ್ತೆ. ಪ್ರತಿ ಸಲ ಇಳಿಯೋದು ತಿರುಗಿಸಿದ ನಂಬರಿನ ಗಾತ್ರ × ಒಟ್ಟು ಮೊತ್ತ × 2. ಪೂರ್ಣಾಂಕ, ಸೊನ್ನೆಗಿಂತ ಕೆಳಗೆ ಹೋಗಲ್ಲ, ಹಾಗಾಗಿ ಶಾಶ್ವತವಾಗಿ ಇಳೀತಾ ಇರೋಕಾಗಲ್ಲ. ಮುಗೀತು.

ಅಮೆರಿಕ ತಂಡದ ಜೋಸೆಫ್ ಕೀನ್ ಬೇರೆ ದಾರಿ ಹಿಡಿದು ವಿಶೇಷ ಬಹುಮಾನ ತಗೊಂಡ್ರು. ಅಕ್ಕಪಕ್ಕ ಇರೋ ಒಂದು, ಎರಡು, ಮೂರು, ನಾಲ್ಕು ನಂಬರ್‌ಗಳ ಮೊತ್ತ ಎಲ್ಲಾ ಬರೆದು, ಚಿಹ್ನೆ ಬಿಟ್ಟು ಕೂಡಿದ್ರು. ಒಂದು ಹೆಜ್ಜೆ ಇಟ್ಟಾಗ ಆ ಮೊತ್ತಗಳು ಹೆಚ್ಚುಕಮ್ಮಿ ಎಲ್ಲಾ ಜಾಗ ಬದಲಾಯಿಸ್ಕೊಳ್ತವೆ ಅಷ್ಟೆ, ತಿರುಗಿಸಿದ ಮೂಲೆ ಬಿಟ್ಟು ಉಳಿದ ನಾಲ್ಕರ ಮೊತ್ತ ಒಂದೇ ಗಾತ್ರದಲ್ಲಿ ಕಮ್ಮಿ ಆಗೋದು. ಆಮೇಲೆ ಕಂಪ್ಯೂಟರ್ ವಿಜ್ಞಾನಿ ಬರ್ನಾರ್ಡ್ ಶಾಜೆಲ್ ಇದನ್ನ ಇನ್ನೂ ಎಳೆದ್ರು, ಪಂಚಭುಜವನ್ನ ಎಷ್ಟು ಸುತ್ತು ಬೇಕಾದ್ರೂ ಸುತ್ತಿ ಮೊತ್ತ ಮಾಡ್ತಾ ಹೋಗಿ ಅಂದ್ರು. ಆ ಅನಂತ ಪಟ್ಟಿಯಲ್ಲಿ ಋಣ ಆಗಿರೋವು ಲೆಕ್ಕಕ್ಕೆ ಸಿಗೋಷ್ಟೇ, ಯಾಕಂದ್ರೆ ಪ್ರತಿ ಸುತ್ತಿಗೂ ಧನ ಮೊತ್ತ ಸೇರ್ತಾ ಹೋಗುತ್ತೆ. ಮತ್ತೆ ಒಂದು ಹೆಜ್ಜೆ ಅಂದ್ರೆ ಸರಿಯಾಗಿ ಒಂದೇ ಒಂದು ಋಣ ಧನ ಆಗೋದು. ನಮ್ಮ ಉದಾಹರಣೆಯಲ್ಲಿ ಎಣಿಸಿದ್ರೆ ಎಂಟೇ ಇವೆ, ಎಂಟೇ ಹೆಜ್ಜೆ. ಯಾವ ಋಣವನ್ನ ಮೊದಲು ತಿರುಗಿಸ್ತೀರಿ ಅನ್ನೋದು ಲೆಕ್ಕಕ್ಕೇ ಇಲ್ಲ, ಎಲ್ಲರಿಗೂ ಎಂಟೇ!

36, 60ರ ಆಟದಲ್ಲಿ ಕಂಡಿದ್ದೇ ಇಲ್ಲೂ ಇದೆ ನೋಡಿ, ಆದ್ರೆ ಎಷ್ಟು ಆಳದಲ್ಲಿ. 1990ರಲ್ಲಿ ಗಣಿತಜ್ಞ ಶಹರ್ ಮೋಜೆಸ್ ಪಂಚಭುಜದ ಬದಲು ಬೇರೆ ಗ್ರಾಫ್‌ಗಳಿಗೂ, ಅಂದ್ರೆ ಚುಕ್ಕೆಗಳನ್ನ ಗೆರೆಗಳಿಂದ ಜೋಡಿಸಿದ ಜಾಲಗಳಿಗೂ, ಈ ಆಟ ವಿಸ್ತರಿಸಿ, ಪ್ರತಿಫಲನಗಳ ಬೀಜಗಣಿತಕ್ಕೆ, ಅಂದ್ರೆ ವೈಲ್ ಗುಂಪುಗಳಿಗೆ ಕೊಂಡಿ ಹಾಕಿದ್ರು. ಅದೇ ವರ್ಷ ಭಾರತದ ಭೌತವಿಜ್ಞಾನಿ ದೀಪಕ್ ಧರ್, ಮೂರು ವರ್ಷ ಹಿಂದೆ ಬಂದಿದ್ದ ಮರಳುಗುಡ್ಡೆ ಮಾದರಿಯಲ್ಲಿ (ಮರಳು ಜಾಸ್ತಿ ಆದ ಗುಡ್ಡೆ ಕುಸಿದು ಅಕ್ಕಪಕ್ಕಕ್ಕೆ ಹಂಚಿಹೋಗುತ್ತೆ) ಯಾವ ಗುಡ್ಡೆ ಮೊದಲು ಕುಸಿದ್ರೂ ಕೊನೆ ಸ್ಥಿತಿ ಒಂದೇ ಅಂತ ತೋರಿಸಿದ್ರು. ಅವರು ಒಲಿಂಪಿಯಾಡ್ ಪ್ರಶ್ನೆಯಿಂದ ಅಲ್ಲಿಗೆ ಹೋದವರಲ್ಲ, ಎರಡೂ ಬೇರೆ ಬೇರೆ ದಾರಿ. ಆದ್ರೂ ಕ್ರಮ ಬದಲಾದ್ರೂ ಕೊನೆ ಬದಲಾಗಲ್ಲ ಅನ್ನೋ ಅದೇ ಗುಣ ಅಲ್ಲೂ ಸಿಕ್ಕಿತು. 2022ರಲ್ಲಿ ಧರ್ ಅವರಿಗೆ ಭೌತವಿಜ್ಞಾನದ ದೊಡ್ಡ ಗೌರವಗಳಲ್ಲೊಂದಾದ ಬೋಲ್ಟ್ಸ್‌ಮನ್ ಪದಕ ಬಂತು.

ಆಮೇಲಿನ ಕಾಲದ ಬಗ್ಗೆ ಜಾಸ್ತಿ ಹೇಳೋಕೆ ಮನಸ್ಸಿಲ್ಲ. ತರಬೇತಿ ಪುಸ್ತಕಗಳು ಬಂದ್ವು, ಒಳ್ಳೇವೇ. ಬದಲಾಗದ್ದಕ್ಕೆ ಇನ್‌ವೇರಿಯಂಟ್, ಒಂದೇ ದಿಕ್ಕಿಗೆ ಹೋಗೋದಕ್ಕೆ ಮಾನೊವೇರಿಯಂಟ್ ಅಂತ ಹೆಸರಿಟ್ಟು ಅಧ್ಯಾಯ ಮಾಡಿದ್ರು. ವಿಧಾನಕ್ಕೆ ಹೆಸರು ಬೇಕು, ಇಲ್ಲದಿದ್ರೆ ಇನ್ನೊಬ್ಬರಿಗೆ ಹೇಳಿಕೊಡೋದು ಹೇಗೆ. ಆದ್ರೆ ಅಧ್ಯಾಯದ ತಲೆ ಮೇಲೆ ಇನ್‌ವೇರಿಯಂಟ್ ಅಂತ ಬರೆದು ಕೆಳಗೆ ಐವತ್ತು ಲೆಕ್ಕ ಕೊಡೋದು, ಉತ್ತರ ಹೇಳಿಬಿಟ್ಟು ಆಮೇಲೆ ಒಗಟು ಬಿಡಿಸು ಅಂದ ಹಾಗೆ. ಬದಲಾಗದ್ದು ಏನಾದ್ರೂ ಇದೆಯಾ ಅಂತ ಅನುಮಾನ ಪಡೋದೇ ಲೆಕ್ಕದ ಮುಕ್ಕಾಲು ಪಾಲು, ಅದನ್ನೇ ಮುಫತ್ತಾಗಿ ಕೊಟ್ಟಾಯ್ತು. ಉಳಿದಿದ್ದು ಚೆಕ್‌ಲಿಸ್ಟ್: ಸಮ ಬೆಸ ನೋಡು, ಮೂರರಿಂದ ಭಾಗಿಸು, ವರ್ಗಗಳ ಮೊತ್ತ ನೋಡು. ಇದು ಯಾರೋ ಬೇಕೂಂತ ಮಾಡಿದ್ದಲ್ಲ, ಪರೀಕ್ಷೆ ಅಂತಿದ್ರೆ ತಯಾರಿ ಅಂತ ಇದ್ದೇ ಇರುತ್ತೆ.

ಪ್ರಶ್ನೆ ಮಾಡೋರಿಗೂ ಇದು ಗೊತ್ತಾಗದೆ ಇರುತ್ತಾ. 2010ರಲ್ಲಿ ಕಝಾಕಸ್ತಾನದ ಒಲಿಂಪಿಯಾಡಲ್ಲಿ ಬಂದ ಐದನೇ ಪ್ರಶ್ನೆ ನೋಡಿ. ಸಾಲಾಗಿ ಆರು ಡಬ್ಬಿ, ತಲಾ ಒಂದು ನಾಣ್ಯ. ಒಂದು ಡಬ್ಬಿಯಿಂದ ಒಂದು ತೆಗೆದು ಮುಂದಿನದಕ್ಕೆ ಎರಡು ಹಾಕಬಹುದು, ಇಲ್ಲಾ ಒಂದು ತೆಗೆದು ಮುಂದಿನ ಎರಡು ಡಬ್ಬಿಗಳನ್ನ ಅದಲುಬದಲು ಮಾಡಬಹುದು. ಕೊನೇ ಡಬ್ಬಿಯಲ್ಲಿ ಸರಿಯಾಗಿ 2010ರ ಘಾತ (2010ರ ಘಾತ 2010) ನಾಣ್ಯ ಬಂದು ಉಳಿದ ಐದೂ ಖಾಲಿ ಆಗಬಹುದಾ? ಆರು ನಾಣ್ಯದಿಂದ ಅಷ್ಟು ದೊಡ್ಡ ಸಂಖ್ಯೆ ಎಲ್ಲಾದ್ರೂ ಉಂಟಾ ಅಂತ ಚೆಕ್‌ಲಿಸ್ಟ್ ಹಿಡಿದು ಅಡ್ಡಿ ಹುಡುಕ್ತಾ ಕೂತ್ರೆ ಟೈಮ್ ಹೋಯ್ತು. ಉತ್ತರ, ಆಗುತ್ತೆ. ಹೇಗೆ ಅಂತ ಕಟ್ಟಿ ತೋರಿಸಬೇಕು.

ಈಗ ಯಂತ್ರಗಳ ಕಾಲ. 2024ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ಸಿಸ್ಟಮ್‌ಗಳು ಒಲಿಂಪಿಯಾಡಿನ ಆರರಲ್ಲಿ ನಾಲ್ಕು ಬಿಡಿಸಿದ್ವು, ಬಿಟ್ಟ ಎರಡೂ ಕಾಂಬಿನೇಟರಿಕ್ಸ್, ಅಂದ್ರೆ ಬೋರ್ಡ್ ಲೆಕ್ಕಗಳ ಕುಟುಂಬದವೇ. 2025ರಲ್ಲಿ ಚಿನ್ನದ ಮಟ್ಟ ಮುಟ್ಟಿದವೂ ಆರನೇ ಪ್ರಶ್ನೆ ಬಿಟ್ವು, ಅದೂ ಅದೇ ಕುಟುಂಬ. ಇನ್ನೆಷ್ಟು ವರ್ಷ ಬಿಡ್ತಾವೆ ಅನ್ನೋದು ಬೇರೆ ಮಾತು.

ಆದ್ರೆ ಚೆಕ್‌ಲಿಸ್ಟಿಗೂ ಯಂತ್ರಕ್ಕೂ ಇಲ್ಲಿವರೆಗೆ ಸಿಗದ ಒಂದು ಬೋರ್ಡ್ ಲೆಕ್ಕ ಇದೆ. ಅದರ ಹುಟ್ಟನ್ನೂ ಸಾಮಾನ್ಯವಾಗಿ 1937ಕ್ಕೇ ಹೇಳ್ತಾರೆ, ಜರ್ಮನ್ ಗಣಿತಜ್ಞ ಲೋಥಾರ್ ಕೊಲ್ಲಾಟ್ಜ್ ಹೆಸರಲ್ಲಿ. ಒಂದೇ ನಂಬರ್ ಬರೀರಿ. ಸಮ ಆಗಿದ್ರೆ ಅರ್ಧ ಮಾಡಿ, ಬೆಸ ಆಗಿದ್ರೆ ಮೂರರಿಂದ ಗುಣಿಸಿ ಒಂದು ಕೂಡಿ. ಆಯ್ಕೆ ಅನ್ನೋದೇ ಇಲ್ಲ. ಯಾವಾಗ್ಲೂ 1ಕ್ಕೆ ಬರುತ್ತಾ? 2020ರ ಹೊತ್ತಿಗೆ 2ರ 68ನೇ ಘಾತದವರೆಗೂ ಕಂಪ್ಯೂಟರಲ್ಲಿ ನೋಡಿಯಾಗಿತ್ತು, ಎಲ್ಲಾ ಬಂದ್ವು. 2019ರಲ್ಲಿ ಗಣಿತಜ್ಞ ಟೆರೆನ್ಸ್ ಟಾವೊ ಹೆಚ್ಚುಕಮ್ಮಿ ಎಲ್ಲಾ ನಂಬರ್‌ಗಳೂ ತುಂಬಾ ಕೆಳಗೆ ಇಳಿದೇ ಇಳಿಯುತ್ತವೆ ಅಂತ ತೋರಿಸಿದ್ರು, ಆ ಹೆಚ್ಚುಕಮ್ಮಿ ಅನ್ನೋದನ್ನ ತೆಗೆಯೋಕೆ ಆಗಿಲ್ಲ. 1986ರ ಪಂಚಭುಜಕ್ಕೆ ವರ್ಗಗಳ ಮೊತ್ತ ಸಿಕ್ಕಿದ ಹಾಗೆ ಪ್ರತಿ ಹೆಜ್ಜೆಗೂ ಇಳಿಯೋಂಥದ್ದು ಇದಕ್ಕೆ ಏನೂ ಸಿಕ್ಕಿಲ್ಲ, ಅಂಥದ್ದೊಂದು ಇದೆಯೋ ಇಲ್ವೋ ಅನ್ನೋದೂ ತೀರ್ಮಾನ ಆಗಿಲ್ಲ.