ಹೊರಗೆ ಸೋರದ ಲೀಕು

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಬಲೆ ರಿಪೇರಿ ಆಗುತ್ತದೆ, ಬೋಟಿಗೆ ಬಣ್ಣ ಬೀಳುತ್ತದೆ. ಟ್ಯಾಂಕಿನ ತಳದಲ್ಲಿ ಉಳಿದ ಡೀಸೆಲ್ ಮಾತ್ರ ಇದ್ದಲ್ಲೇ ಮಳೆಗಾಲ ಕಳೆಯುತ್ತದೆ. ಆಗಸ್ಟ್‌ನಲ್ಲಿ ಇಂಜಿನ್ ಸ್ಟಾರ್ಟ್ ಏನೋ ಆಗುತ್ತದೆ. ಅಳಿವೆ ದಾಟಿ ಲೋಡ್ ಬಿದ್ದ ಕೂಡಲೇ ಸದ್ದು ಏರಿಳಿಯತೊಡಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ.

ಇಂಥ ಹೊತ್ತಲ್ಲಿ ನಾನು ಮೊದಲು ಅನುಮಾನಿಸುವುದು ಇಂಜಿನ್ನನ್ನಲ್ಲ, ಟ್ಯಾಂಕಿನಿಂದ ಅಲ್ಲಿಗೆ ಡೀಸೆಲ್ ತರುವ ಪೈಪನ್ನು. ಟ್ರ್ಯಾಕ್ಟರ್, ಪಂಪ್‌ಸೆಟ್ ಇಟ್ಟುಕೊಂಡವರಿಗೂ ಈ ರೋಗ ಗೊತ್ತು: "ಏರ್ ಹಿಡಿದಿದೆ" ಅಂತಾರೆ. ಅಷ್ಟು ದೊಡ್ಡ ಇಂಜಿನ್ನನ್ನು ಚೂರು ಗಾಳಿ ಹೇಗೆ ನಿಲ್ಲಿಸುತ್ತದೆ?

ಒಂದು ಲೆಕ್ಕ ಹಾಕೋಣ. ಆರು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್, ನಿಮಿಷಕ್ಕೆ 1,800 ಸುತ್ತು, ಗಂಟೆಗೆ 20 ಲೀಟರ್ ಡೀಸೆಲ್ ಎಂದುಕೊಳ್ಳಿ. ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ 900 ಸಲ, ಆರಕ್ಕೂ ಸೇರಿ ಗಂಟೆಗೆ 3,24,000 ಸಲ ನೋಜಲ್ ಡೀಸೆಲ್ ಚಿಮ್ಮಿಸಬೇಕು. ಭಾಗಿಸಿ ನೋಡಿದರೆ ಒಂದು ಸಲಕ್ಕೆ ಸಿಗುವುದು 0.06 ಮಿಲಿಲೀಟರ್. ಹೆಚ್ಚೂಕಡಿಮೆ ಒಂದು ಹನಿ! ಹಳೆಯ ಮಾದರಿ ಇಂಜಿನ್‌ಗಳಲ್ಲಿ ಈ ಹನಿಯನ್ನು ಇಂಜೆಕ್ಷನ್ ಪಂಪು ಸುಮಾರು 200 ಬಾರ್ ಒತ್ತಡಕ್ಕೆ, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟಿಗೆ, ಏರಿಸಿದರೆ ಮಾತ್ರ ನೋಜಲ್ ಬಾಯಿ ಬಿಡುತ್ತದೆ. ಡೀಸೆಲ್ ಒತ್ತಿದರೆ ಕುಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಕುಗ್ಗುತ್ತದೆ, ಹಾಗಾಗಿ ಒತ್ತಡ ತಟ್ಟನೆ ಏರುತ್ತದೆ. ಗಾಳಿ ಹಾಗಲ್ಲ. ಸುಮ್ನೆ ಮುದುಡಿಕೊಳ್ಳುತ್ತದೆ. ಪಂಪಿನ ಇಡೀ ಹೊಡೆತ ಗುಳ್ಳೆಯನ್ನು ಮುದುಡಿಸುವುದರಲ್ಲೇ ಮುಗಿದುಹೋಗುತ್ತದೆ, ನೋಜಲ್ ತೆರೆಯುವುದೇ ಇಲ್ಲ.

ಈ ಗಾಳಿ ಬರುವುದು ಎಲ್ಲಿಂದ ಅನ್ನುವುದೇ ಸ್ವಾರಸ್ಯ. ಹೆಚ್ಚಿನ ಬೋಟುಗಳಲ್ಲಿ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಹಿಂದಿನಿಂದ ಯಾವ ಪಂಪೂ ತಳ್ಳುವುದಿಲ್ಲ. ಇಂಜೆಕ್ಷನ್ ಪಂಪಿಗೆ ಡೀಸೆಲ್ ಒದಗಿಸುವ ಈ ಫೀಡ್ ಪಂಪೇ ಅದನ್ನು ಎಳೆಯುತ್ತದೆ. ಎಳೆಯುವಾಗ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲೊಂದು ಜಾಯಿಂಟ್ ಸಡಿಲವಾದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತಾದ ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ. ಪೈಪ್ ಕೆಳಗೆ ಒಂದು ಹನಿಯೂ ಇರುವುದಿಲ್ಲ, "ಲೀಕ್ ಇಲ್ಲ" ಎಂದು ಎಲ್ಲರೂ ಒಪ್ಪಿಬಿಡುತ್ತಾರೆ. ಫೀಡ್ ಪಂಪ್ ದಾಟಿದ ಮೇಲೆ ಕಥೆ ತಿರುವುಮುರುವು. ಅಲ್ಲಿ ಒತ್ತಡ ಒಳಗಿರುವುದರಿಂದ ಲೀಕ್ ಆದರೆ ಕಣ್ಣಿಗೆ ಕಾಣುತ್ತದೆ. ಒದ್ದೆ ಕಂಡಲ್ಲೇ ನಟ್ಟು ಬಿಗಿಮಾಡಿ ಕೂತರೆ ಎಳೆಯುವ ಕಡೆಯ ತೂತು ಹಾಗೇ ಉಳಿದಿರುತ್ತದೆ.

ಹುಡುಕುವುದಕ್ಕೆ ಒಂದು ಸುಲಭದ ದಾರಿ ಇದೆ. ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಇಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ, ಗಟ್ಟಿ ಹೋಸಿನಿಂದ ನೇರ ಫೀಡ್ ಪಂಪಿಗೆ ಕೊಡಿ. ಏರ್ ತೆಗೆದು (ಅದರ ಕ್ರಮ ಮುಂದೆ ಇದೆ) ಇಂಜಿನ್ ಓಡಿಸಿ. ಲೋಡಿನಲ್ಲೂ ಚೆನ್ನಾಗಿ ಓಡಿತು ಎಂದರೆ ತೊಂದರೆ ಪಂಪಿಗಿಂತ ಹಿಂದೆ ಇದೆ. ಆಮೇಲೆ ಅದೇ ಕ್ಯಾನನ್ನು ಹಳೆಯ ಪೈಪಿನ ಟ್ಯಾಂಕ್ ತುದಿಗೆ ಜೋಡಿಸಿ. ಈಗ ಪೈಪಿನ ಒಳಗೆ ಎತ್ತರದ ಡೀಸೆಲ್ಲಿನ ಭಾರ ಬೀಳುತ್ತದೆ. ಇಷ್ಟು ದಿನ ಗಾಳಿ ಎಳೆದುಕೊಳ್ಳುತ್ತಿದ್ದ ಜಾಗದಲ್ಲಿ ಡೀಸೆಲ್ ಜಿನುಗತೊಡಗುತ್ತದೆ. ಒಣ ಬಟ್ಟೆಯಿಂದ ಒಂದೊಂದೇ ಜಾಯಿಂಟ್ ಒರೆಸುತ್ತಾ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಎಲ್ಲೂ ಜಿನುಗದಿದ್ದರೆ ಫಿಲ್ಟರ್ ನೋಡಿ. ಡೀಸೆಲ್ಲಿನಲ್ಲಿ ಗಾಳಿ ಸ್ವಲ್ಪ ಕರಗಿಯೇ ಇರುತ್ತದೆ. ಫಿಲ್ಟರ್ ಕಟ್ಟಿಕೊಂಡಾಗ ಪಂಪ್ ಜಾಸ್ತಿ ಎಳೆಯುತ್ತದೆ, ಒತ್ತಡ ಇಳಿಯುತ್ತದೆ, ಕರಗಿದ್ದ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ತೂತೇ ಇಲ್ಲದೆ ಏರ್ ಹಿಡಿಯುವುದು ಹೀಗೆ.

ಜಾಯಿಂಟುಗಳಲ್ಲಿ ತಾಮ್ರದ ವಾಷರ್ ಇರುತ್ತದೆ. ಮೆತ್ತಗಿರುವುದರಿಂದಲೇ ಅದು ಎರಡು ಲೋಹಗಳ ನಡುವಿನ ಸಂದು ಮುಚ್ಚುತ್ತದೆ. ಒಮ್ಮೆ ಬಿಗಿದ ವಾಷರ್ ಗಟ್ಟಿಯಾಗುತ್ತದೆ, ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಹಳೇ ಮೆಕ್ಯಾನಿಕ್‌ಗಳು ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮತ್ತೆ ಬಳಸುತ್ತಾರೆ. ಅದು ಮೂಢನಂಬಿಕೆ ಅಲ್ಲ. ಕಾಯಿಸಿದಾಗ ತಾಮ್ರದ ಹರಳುಗಳು ಹೊಸದಾಗಿ ಬೆಳೆದು ಲೋಹ ಮತ್ತೆ ಮೆತ್ತಗಾಗುತ್ತದೆ. ಆದರೂ ಹೊಸ ವಾಷರ್ ಹಾಕುವುದೇ ವಾಸಿ, ಬೆಲೆಯೇನೂ ಹೆಚ್ಚಿಲ್ಲ. ಟೆಫ್ಲಾನ್ ಟೇಪ್ ಮಾತ್ರ ಸುತ್ತಬೇಡಿ. ಇಲ್ಲಿ ಸೀಲ್ ಆಗಬೇಕಾದ್ದು ವಾಷರಿನ ಮುಖ, ಥ್ರೆಡ್ ಅಲ್ಲ. ಟೇಪಿನ ಚೂರು ಹರಿದು ಒಳಗೆ ಹೋದರೆ ಇನ್ನೊಂದು ತಲೆನೋವು.

ಇನ್ನು ನೀರು. ಹಗಲು ರಾತ್ರಿ ಬಿಸಿ ತಂಪಿನಲ್ಲಿ ಅರ್ಧ ಖಾಲಿ ಟ್ಯಾಂಕ್ ಒದ್ದೆ ಗಾಳಿ ಎಳೆದುಕೊಂಡು ಒಳಗೆ ಬೆವರುತ್ತದೆ ಎನ್ನುವುದು ನಿಜ. ಆದರೆ ಡೆಕ್ಕಿನ ಮೇಲಿನ ಮುಚ್ಚಳದ ಗಟ್ಟಿಯಾದ ರಬ್ಬರ್ ರಿಂಗ್ ಮೇಲೆ ನನ್ನ ಅನುಮಾನ ಜಾಸ್ತಿ. ಮಳೆಯೂ ಉಪ್ಪುನೀರೂ ಅಲ್ಲಿಂದ ಸಲೀಸಾಗಿ ಇಳಿಯುತ್ತವೆ. ನೀರು ಭಾರ, ತಳಕ್ಕೆ ಕೂರುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತವೆ. ಅಮಾರ್ಫೋಥೀಕಾ ರೆಸಿನೀ ಎಂಬ ಬೂಸ್ಟು ಜೆಟ್ ವಿಮಾನಗಳ ಟ್ಯಾಂಕಿನಲ್ಲೂ ಕಾಟ ಕೊಟ್ಟದ್ದೇ. ಅದಕ್ಕೆ ಊಟ ಡೀಸೆಲ್, ವಾಸಕ್ಕೆ ನೀರು ಬೇಕು. ನೀರು ತೆಗೆದರೆ ಅದು ಬೆಳೆಯಲಾರದು. ಕೊಲ್ಲುವ ಔಷಧಿ ಸಿಗುತ್ತದೆ, ಆದರೆ ಸತ್ತ ಲೋಳೆ ಎಲ್ಲಿಗೂ ಹೋಗುವುದಿಲ್ಲ, ಸೀದಾ ಫಿಲ್ಟರಿಗೇ ಬರುತ್ತದೆ. ಟ್ಯಾಂಕ್ ತೊಳೆಯದೆ ಔಷಧಿ ಸುರಿದು ಕಡಲಿಗೆ ಹೋಗಬಾರದು.

ನೀರು ಬೇರ್ಪಡಿಸುವ ಫಿಲ್ಟರಿನ ಕೆಳಗಿನ ಬಟ್ಟಲನ್ನು ಆಗಾಗ ಬಾಟಲಿಗೆ ಇಳಿಸಿ ನೋಡಿ. ಬಂದರಿನ ನೀರಿಗೆ ಚೆಲ್ಲಬೇಡಿ. ಬಾಟಲಿ ಹತ್ತು ನಿಮಿಷ ನಿಂತರೆ ಗೆರೆ ತಾನೇ ಕಾಣುತ್ತದೆ. ಇದಾದ ಮೇಲೆ ಇಂಜಿನ್ ಕಡೆಗೆ ಇರುವ ಎರಡನೇ ಫಿಲ್ಟರ್ ಬದಲಾಯಿಸುವಾಗ ಹಲವರು ಅದಕ್ಕೆ ಕ್ಯಾನಿನಿಂದ ಡೀಸೆಲ್ ತುಂಬಿಸಿ ಕೂರಿಸುತ್ತಾರೆ, ಏರ್ ತೆಗೆಯುವ ಕೆಲಸ ಕಡಿಮೆಯಾಗಲಿ ಎಂದು. ಹಾಗೆ ನಡುವಿನ ತೂತಿಗೆ ಸುರಿದರೆ ಸೋಸದ ಡೀಸೆಲ್ ಸೀದಾ ಪಂಪಿಗೆ ಹೋಗುತ್ತದೆ. ಪಂಪು, ನೋಜಲ್ ಒಳಗಿನ ಸಂದು ಕೆಲವೇ ಮೈಕ್ರಾನ್, ಕೂದಲೆಳೆಯ ದಪ್ಪದಲ್ಲಿ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಖಾಲಿ ಕೂರಿಸಿ, ಹ್ಯಾಂಡ್ ಪಂಪ್ ಒತ್ತಿ ತುಂಬಿಸಿ. ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರಿ ಡೀಸೆಲ್ ಬಂದಾಗ ಬಿಗಿಯಿರಿ. ಆಮೇಲೆ ಇಂಜೆಕ್ಷನ್ ಪಂಪಿನದು. ಟ್ಯಾಂಕಿನಿಂದ ಇಂಜಿನ್ ಕಡೆಗೇ ಸಾಗಬೇಕು, ಹಿಮ್ಮುಖವಾಗಿ ಅಲ್ಲ.

ನಾವೇ ಮಾಡಿಕೊಳ್ಳುವ ರಿಪೇರಿ ಇಲ್ಲಿಗೆ ನಿಲ್ಲಬೇಕು. ಹಳೇ ಮೆಕ್ಯಾನಿಕಲ್ ಪಂಪಿನ ಇಂಜಿನ್‌ಗಳಲ್ಲಿ ಉಳಿದ ಏರ್ ತೆಗೆಯಲು ನೋಜಲ್ ಪೈಪಿನ ನಟ್ ಸಡಿಲಿಸಿ ಕ್ರ್ಯಾಂಕ್ ಮಾಡುವುದು (ಇಂಜಿನ್ ತಿರುಗಿಸುವುದು) ರೂಢಿ. ಎಲ್ಲ ನೋಜಲ್‌ಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಕೊಡುವ ಹೊಸ ಮಾದರಿಯ ಕಾಮನ್ ರೈಲ್ ಇಂಜಿನ್‌ನಲ್ಲಿ ಅದಕ್ಕೆ ಕೈ ಹಾಕಲೇಬಾರದು, ಅಲ್ಲಿನ ಒತ್ತಡ 1,600 ಬಾರ್ ದಾಟುತ್ತದೆ. ಯಾವ ಇಂಜಿನ್ನೇ ಆಗಲಿ, ಓಡುತ್ತಿರುವಾಗ ನೋಜಲ್ ಪೈಪಿನ ಲೀಕನ್ನು ಬೆರಳಿನಿಂದ ಮುಟ್ಟಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ನೋವೂ ಮೊದಲಿಗೆ ಅಷ್ಟಾಗಿ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ಬೆರಳೇ ಕೊಳೆಯತೊಡಗಬಹುದು. ಆಗ ಮುಲಾಮು ಹಚ್ಚಿ ಕಾಯುವುದಲ್ಲ, ಸರ್ಜನ್ ಇರುವ ಆಸ್ಪತ್ರೆಗೆ ತಕ್ಷಣ ಹೋಗಿ, ಒಳಗೆ ಹೊಕ್ಕಿರುವುದು ಡೀಸೆಲ್ ಎಂದು ಮೊದಲೇ ಹೇಳಿ.