ಸೇನಾ ದಿವಸ (ನೇಪಾಳ)

ಭಾರತದ ಸೇನಾ ದಿನ ಜನವರಿ 15ರಂದು. 1949ರಲ್ಲಿ ಕೊಡಗಿನ ಕಾರ್ಯಪ್ಪನವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ದಿನವದು. ನೇಪಾಳದ ಸೇನಾ ದಿವಸಕ್ಕೆ ಇಂಥ ನಿಗದಿತ ತಾರೀಖಿಲ್ಲ. ಅದು ಬರುವುದು ಮಹಾಶಿವರಾತ್ರಿಯಂದು. ನಮಗೆ ಮಾಘ ಬಹುಳ ಚತುರ್ದಶಿ, ಅವರಿಗೆ ಫಾಲ್ಗುಣ ಕೃಷ್ಣ ಚತುರ್ದಶಿ, ದಿನ ಮಾತ್ರ ಒಂದೇ. ಕಠ್ಮಂಡುವಿನ ಟುಂಡಿಖೇಲ್ ಮೈದಾನದಲ್ಲಿ ರಾಷ್ಟ್ರಪತಿಯ ಸಮ್ಮುಖದಲ್ಲಿ ತೋಪು ಹಾರುತ್ತದೆ, ಸೈನಿಕರು ಸಾಲಾಗಿ ನಿಂತು ಗಾಳಿಯಲ್ಲಿ ಗುಂಡು ಹಾರಿಸುತ್ತಾರೆ. ಅದೇ ಹೊತ್ತಿಗೆ ಊರಿನ ಇನ್ನೊಂದು ಕಡೆ ಪಶುಪತಿನಾಥನ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿನ ಮುಖ್ಯ ಅರ್ಚಕರಾದ ಭಟ್ಟರು ನಮ್ಮ ಕರ್ನಾಟಕ ಮೂಲದವರು.

ಈ ಸೇನೆಯ ಕೆಲಸ ಕವಾಯತಿಗೆ ಮುಗಿಯುವುದಿಲ್ಲ. ಬೆಟ್ಟವೇ ಹೆಚ್ಚಿರುವ ದೇಶದಲ್ಲಿ ರಸ್ತೆಯೆಂದರೆ ಮಾರುಕಟ್ಟೆ, ಆಸ್ಪತ್ರೆ, ಉಪ್ಪು, ಅಕ್ಕಿ ಎಲ್ಲವೂ. ಸುರ್ಖೇತ್‌ನಿಂದ ಜುಮ್ಲಾಕ್ಕೆ ಹೋಗುವ ಕರ್ಣಾಲಿ ಹೆದ್ದಾರಿಯ ಬಂಡೆ ಕಡಿದವರು ಸೈನಿಕರು. ಕಠ್ಮಂಡುವಿನಿಂದ ತರಾಯಿ ಬಯಲಿಗಿಳಿಯುವ ಸುಮಾರು 70 ಕಿಲೋಮೀಟರ್‌ನ ವೇಗದ ಹೆದ್ದಾರಿಯೂ 2017ರಲ್ಲಿ ಸೇನೆಯ ಪಾಲಿಗೇ ಬಂತು. ಹೆಸರಿಗೆ ವೇಗದ್ದು, ಗಡುವು ಮಾತ್ರ ಮತ್ತೆ ಮತ್ತೆ ಮುಂದೆ ಹೋಗಿದೆ. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ನೇಪಾಳ 1958ರಿಂದ ಸೈನಿಕರನ್ನು ಕಳುಹಿಸುತ್ತಿದೆ. ಅವರ ಗಳಿಕೆಯ ಒಂದು ಪಾಲು ಸೇನಾ ಕಲ್ಯಾಣ ನಿಧಿಗೆ ಸೇರುತ್ತದೆ. ಆ ನಿಧಿ ಪೆಟ್ರೋಲ್ ಬಂಕ್‌ಗಳನ್ನೂ ನಡೆಸುತ್ತದೆ. ಬಂದೂಕು ಹಿಡಿದವರಿಗೆ ವ್ಯಾಪಾರವೇಕೆ ಎಂದು ಅಲ್ಲಿಯವರೇ ಕೇಳುವುದುಂಟು, ನ್ಯಾಯವಾದ ಪ್ರಶ್ನೆಯೇ.

ಗೋರ್ಖಾ ರೆಜಿಮೆಂಟುಗಳನ್ನು ನೇಪಾಳದ ಸೇನೆಯೆಂದು ತಿಳಿಯುವವರು ನಮ್ಮಲ್ಲಿ ಹಲವರು. ಅವು ಬೇರೆಯೇ, ನೇಪಾಳಿಗಳನ್ನು ಸೇರಿಸಿಕೊಂಡು ಬ್ರಿಟಿಷರು ಭಾರತದಲ್ಲಿ ಕಟ್ಟಿದ ಪಡೆಗಳು. ನೇಪಾಳ, ಭಾರತ, ಬ್ರಿಟನ್ ಸೇರಿ ಮಾಡಿಕೊಂಡ 1947ರ ತ್ರಿಪಕ್ಷೀಯ ಒಪ್ಪಂದದಂತೆ ಹತ್ತು ರೆಜಿಮೆಂಟುಗಳಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ ಹೋದವು. ಹೀಗೆ ಪರದೇಶದ ಸೇನೆಗೆ ಸೇರಿದವನನ್ನು ನೇಪಾಳಿಗಳು ‘ಲಾಹುರೆ’ ಎನ್ನುತ್ತಾರೆ. ರಣಜಿತ್ ಸಿಂಗನ ಸೇನೆ ಸೇರಲು ಲಾಹೋರಿಗೆ ಹೋದವರಿಂದ ಬಂದ ಹೆಸರು. ಟುಂಡಿಖೇಲ್‌ನ ಕವಾಯತಿನಲ್ಲಿ ಲಾಹುರೆಗೆ ಜಾಗವಿಲ್ಲ. ಆದರೆ ಗುಡ್ಡದ ಹಳ್ಳಿಗಳಿಗೆ ತಲೆಮಾರುಗಳ ಕಾಲ ನಗದು ತಲುಪಿದ್ದು ಅವನ ಸಂಬಳ, ಪಿಂಚಣಿಗಳಿಂದ. ಇಂದು ಕೊಲ್ಲಿ ರಾಷ್ಟ್ರಗಳಲ್ಲಿ, ಮಲೇಷ್ಯಾದಲ್ಲಿ ದುಡಿಯುವ ಕಾರ್ಮಿಕರೂ ಅದೇ ಹೆಸರಿಗೆ ಸೇರಿಕೊಂಡಿದ್ದಾರೆ. ಹೊರಗಿನಿಂದ ಬರುವ ಹಣ ಈಗ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗದಷ್ಟು.

2022ರಲ್ಲಿ ಭಾರತ, ಬಹುಪಾಲು ಸೈನಿಕರನ್ನು ನಾಲ್ಕೇ ವರ್ಷಕ್ಕೆ ಪಿಂಚಣಿಯಿಲ್ಲದೆ ಮನೆಗೆ ಕಳುಹಿಸುವ ಅಗ್ನಿಪಥ ಯೋಜನೆ ತಂದಾಗ ನೇಪಾಳ ಒಪ್ಪಲಿಲ್ಲ. ಅಲ್ಲಿಂದ ಭಾರತದ ಸೇನೆಗೆ ಆಗುತ್ತಿದ್ದ ಗೋರ್ಖಾ ನೇಮಕಾತಿ ನಿಂತುಹೋಯಿತು. ತಕರಾರು 1947ರ ಒಪ್ಪಂದದ ಷರತ್ತುಗಳದು ಎಂದು ನೇಪಾಳ ಸರ್ಕಾರ ಹೇಳಿತು. ಹಳ್ಳಿಯ ಮನೆಗಳಲ್ಲಿ ಲೆಕ್ಕಕ್ಕೆ ಬರುವುದು ಪಿಂಚಣಿ.